ಬೇರಿಗೆ ಕಟ್ಟಿದ ಔಷಧಿ

ಕೆಲವು ವರ್ಷಗಳ ಹಿಂದೆ ನಮ್ಮ ಕಡೆಯ ಒಂದು ಸಭೆಯಲ್ಲಿ ನಾನೊಂದು ಅಭಿನಂದನಾ ಪತ್ರ ಓದಿದೆ. ಓದಿದ್ದಷ್ಟೇ ಅಲ್ಲ, ಬರೆದವನೂ ನಾನೇ. ಕನ್ನಡ ಮೇಷ್ಟ್ರು ಅಂದಮೇಲೆ ಊರಿನ ಸನ್ಮಾನ, ಶ್ರದ್ಧಾಂಜಲಿ, ಬೀಳ್ಕೊಡುಗೆ ಎಲ್ಲದಕ್ಕೂ ನಾಲ್ಕು ಸಾಲು ಗೀಚಿಕೊಡುವುದು ಕೆಲಸದ ಭಾಗ. ಸನ್ಮಾನಿತರು ನಮ್ಮ ಸೀಮೆಯಲ್ಲೇ ಹುಟ್ಟಿ ಹೊರದೇಶದಲ್ಲಿ ನೆಲೆಸಿದ ಔಷಧ ವಿಜ್ಞಾನಿ. ಪತ್ರದಲ್ಲಿ ಎಲ್ಲವೂ ಇತ್ತು: ಬರಿಗಾಲಲ್ಲಿ ಶಾಲೆಗೆ ನಡೆದದ್ದು, ಸೀಮೆಎಣ್ಣೆ ಬುಡ್ಡಿಯ ಬೆಳಕು, ತಾಯಿ ಕೊಬ್ಬರಿ ಮಾರಿ ಫೀಸು ಕಟ್ಟಿದ್ದು, 'ಕಲ್ಪತರು ನಾಡಿನ ಕೀರ್ತಿಕಲಶ' ಎಂಬ ಬಿರುದು. ಅವರು ಮಾಡಿದ ಕೆಲಸದ ಬಗ್ಗೆ ಇದ್ದದ್ದು ಒಂದೇ ವಾಕ್ಯ: 'ಔಷಧಗಳು ಜೈವಿಕ ಪೊರೆಗಳನ್ನು ದಾಟುವ ಬಗೆಯನ್ನು ಕುರಿತು ಮೌಲಿಕ ಸಂಶೋಧನೆ ನಡೆಸಿ ಜಗದ್ವಿಖ್ಯಾತರಾಗಿದ್ದೀರಿ.' ಅದನ್ನೂ ಅವರ ಇಂಗ್ಲಿಷ್ ಪರಿಚಯಪತ್ರದಿಂದ ಎತ್ತಿ ಇಳಿಸಿದ್ದೆ. ಅದರ ಅರ್ಥ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನುವುದು ನನಗೆ ತೊಂದರೆ ಕೊಡಲೂ ಇಲ್ಲ.

ಸಭೆ ಎರಡು ಗಂಟೆ ನಡೆಯಿತು. ಏಳು ಜನ ಮಾತಾಡಿದರು. ಆ ವಿಜ್ಞಾನಿಯೂ ಇಪ್ಪತ್ತು ನಿಮಿಷ ಚೆಂದದ ಕನ್ನಡದಲ್ಲಿ ಮಾತಾಡಿದರು. ತಮ್ಮ ಮೇಷ್ಟ್ರು, ರಾಗಿರೊಟ್ಟಿ, ಕೆರೆ ಏರಿ, ಅಟ್ಟದ ಮೇಲೆ ಒಣಗುವ ಕಾಯಿಯ ವಾಸನೆ. ಪೊರೆಯ ಬಗ್ಗೆ ಒಂದು ಮಾತಿಲ್ಲ.

ಶಾಲು ಹಾರ ಎಲ್ಲ ಮುಗಿದು ಟೀ ಕುಡಿಯುವಾಗ ದಬ್ಬೇಘಟ್ಟ ಹೋಬಳಿಯ ಒಬ್ಬ ರೈತರು ಅವರ ಹತ್ತಿರ ಬಂದರು. ಕೈಲಿ ಟವಲ್ಲು, ಬಾಯಲ್ಲಿ ಎಲೆಅಡಿಕೆ. ನಾನು ಪಕ್ಕದಲ್ಲೇ ಇದ್ದೆ. 'ಸ್ವಾಮಿ, ತಾವು ಔಷಧಿ ಹೆಂಗೆ ಒಳಕ್ಕೆ ಹೋಯ್ತದೆ ಅಂತ ಓದ್ದೋರಂತೆ. ತೆಂಗಿನ ಬೇರಿಗೆ ಔಷಧಿ ಕಟ್ತೀವಲ್ಲ, ಅದು ಎಳನೀರಿಗೆ ಬತ್ತೈತಾ?'

ವಿಜ್ಞಾನಿಯ ಮುಖ ಅರಳಿತು. ಇಡೀ ದಿನದಲ್ಲಿ ಮೊದಲ ಸಲ. ಬಾಯಿ ತೆರೆಯುವಷ್ಟರಲ್ಲಿ ಸಂಘಟಕರೊಬ್ಬರು ರಟ್ಟೆ ಹಿಡಿದು, 'ಅದನ್ನೆಲ್ಲ ತೋಟಗಾರಿಕೆಯವರನ್ನ ಕೇಳಪ್ಪ, ಸಾಹೇಬರಿಗೆ ಫೋಟೊ ಐತೆ' ಅಂತ ಎಳೆದುಕೊಂಡು ಹೋದರು. ನಾನೂ ಫೋಟೊಗೆ ಹೋದೆ.

ಅವತ್ತು ಕೇಳಿಬಂದ ಒಂದೇ ಒಂದು ವಿಜ್ಞಾನದ ಪ್ರಶ್ನೆ ಅದು. ಅದಕ್ಕೆ ಉತ್ತರ ಕೊಡಬಲ್ಲ ಮನುಷ್ಯ ಎದುರಿಗೇ ನಿಂತಿದ್ದ. ನಡುವೆ ಬಂದದ್ದು ನಾವು, ಅಂದರೆ ಕನ್ನಡದ ಕಾರ್ಯಕ್ರಮ. ಈ ಬರಹದ ಜಗಳ ಅದರ ಜೊತೆ.

ನಮ್ಮ ಸಾಹಿತ್ಯದ ಜನ ವಿಜ್ಞಾನಿಯನ್ನು ಎರಡೇ ರೀತಿ ಬಳಸಿಕೊಳ್ಳುತ್ತೇವೆ. ಒಂದು, ಬಡತನದಿಂದ ಎದ್ದುಬಂದ ಮಣ್ಣಿನ ಮಗನಾಗಿ. ಆ ಕತೆಯಲ್ಲಿ ವಿಜ್ಞಾನದ ಜಾಗಕ್ಕೆ ಐಎಎಸ್ಸನ್ನೋ ಕ್ರಿಕೆಟ್ಟನ್ನೋ ಇಟ್ಟರೂ ಒಂದಕ್ಷರ ಬದಲಾಗುವುದಿಲ್ಲ. ಎರಡು, ಉಪಮೆಯ ಸರಕಾಗಿ. 'ಪೊರೆ' ಎಂದ ಕೂಡಲೇ ನಮ್ಮ ಕವಿಗಳಿಗೆ ಹಾವು ನೆನಪಾಗುತ್ತದೆ, ಕಳಚುವುದು ನೆನಪಾಗುತ್ತದೆ, ತಾನು ಮತ್ತು ಲೋಕದ ನಡುವಿನ ತೆಳುಪರದೆ ನೆನಪಾಗುತ್ತದೆ. ನಾನೂ ಅಂಥದ್ದೊಂದು ಪದ್ಯ ಬರೆದಿದ್ದೇನೆ, ಅಚ್ಚೂ ಆಗಿದೆ, ದಯವಿಟ್ಟು ಹುಡುಕಬೇಡಿ. ಆದರೆ ಪೊರೆ ಉಪಮೆಯಲ್ಲ. ನಮ್ಮ ದೇಹದ ಪ್ರತಿ ಜೀವಕೋಶದ ಸುತ್ತ ನಿಜವಾಗಿಯೂ ಅದು ಇದೆ. ಅದರ ದಪ್ಪ ಸುಮಾರು 5 ನ್ಯಾನೊಮೀಟರ್. ಒಂದು ತಲೆಗೂದಲಿನ ದಪ್ಪದಲ್ಲಿ ಅಂಥ ಹತ್ತು ಸಾವಿರಕ್ಕೂ ಹೆಚ್ಚು ಪೊರೆಗಳನ್ನು ಒಂದರ ಮೇಲೊಂದು ಪೇರಿಸಬಹುದು. ಅದು ಜಿಡ್ಡಿನ ಎರಡು ಪದರ. ಕೊಬ್ಬಿನ ಬಾಲಗಳು ಒಳಮುಖವಾಗಿ, ನೀರನ್ನು ಒಗ್ಗುವ ತಲೆಗಳು ಹೊರಮುಖವಾಗಿ. ಮಾತ್ರೆ ನುಂಗಿದರೂ, ಮುಲಾಮು ಹಚ್ಚಿದರೂ, ವಿಷ ಮೈಮೇಲೆ ಚೆಲ್ಲಿದರೂ ಕೊನೆಗೆ ತೀರ್ಮಾನವಾಗುವುದು ಈ ಜಿಡ್ಡಿನ ಗೆರೆಯ ಮೇಲೆ.

ಶಬ್ದವಿಲ್ಲ ಎಂಬ ಮಾತನ್ನು ಇಲ್ಲೇ ಮುಗಿಸಿಬಿಡೋಣ. 'ಕನ್ನಡದಲ್ಲಿ ಪರಿಭಾಷೆ ಇಲ್ಲ, ಅದಕ್ಕೇ ಬರೆಯುವುದಿಲ್ಲ' ಎಂದು ವಿಜ್ಞಾನಿಗಳು ಹೇಳುವುದನ್ನು ಕೇಳಿ ಕೇಳಿ ನಾವೂ ತಲೆಯಾಡಿಸುತ್ತೇವೆ. ಪೊರೆ ಅನ್ನುವುದಕ್ಕಿಂತ ಒಳ್ಳೆಯ ಮಾತು ಯಾವ ಭಾಷೆಯಲ್ಲಿದೆ? ಕಣ್ಣಿನ ಪೊರೆ ಹಳ್ಳಿಯ ಅಜ್ಜಿಗೂ ಗೊತ್ತು. ಕ್ರಿಯಾಪದವಾದರೆ ಪೊರೆ ಎಂದರೆ ಕಾಪಾಡು, ಸಾಕು. ಮುಚ್ಚುವುದು ಮತ್ತು ಕಾಯುವುದು ಎರಡನ್ನೂ ಒಂದೇ ಮಾತಿನಲ್ಲಿಟ್ಟುಕೊಂಡ ಭಾಷೆ ಇದು. ವಿಸರಣೆ, ಅಭಿಸರಣೆ ಎಂಬ ಮಾತುಗಳನ್ನು ನಮ್ಮ ಹೈಸ್ಕೂಲು ಮಕ್ಕಳು ಬಾಯಿಪಾಠ ಮಾಡುತ್ತಾರೆ. (ತೆಳುವಾದ ಕಡೆಯಿಂದ ಗಟ್ಟಿಯಾದ ಕಡೆಗೆ ನೀರು ಪೊರೆ ದಾಟಿ ಹೋಗುವುದಕ್ಕೆ ಅಭಿಸರಣೆ ಎಂದು ಹೆಸರಿಟ್ಟವನು ಅಭಿಸಾರಿಕೆಯನ್ನು ನೆನೆದಿದ್ದನೋ ಏನೋ, ರಸಿಕ.) ಮಾತುಗಳಿವೆ. ಆ ಮಾತುಗಳನ್ನು ಪರೀಕ್ಷೆಯ ಆಚೆ ಯಾರೂ ಕೆಲಸಕ್ಕೆ ಹಚ್ಚಿಲ್ಲ, ಅಷ್ಟೆ.

ನಿಜವಾಗಿ ತೊಂದರೆ ಕೊಡುತ್ತಿರುವ ಮಾತು ಬೇರೆ ಇದೆ. ಅದು 'ಔಷಧಿ'. ನಮ್ಮ ಕಡೆ ಜ್ವರಕ್ಕೆ ಕೊಡುವುದೂ ಔಷಧಿ, ಟೊಮೆಟೊಗೆ ಹೊಡೆಯುವುದೂ ಔಷಧಿ, ತೆಂಗಿನ ಬೇರಿಗೆ ಕಟ್ಟುವುದೂ ಔಷಧಿ. 'ಅವನು ಔಷಧಿ ಕುಡಿದುಬಿಟ್ಟ' ಎಂದರೆ ಆಸ್ಪತ್ರೆಯಲ್ಲಿ ಸಿರಪ್ಪು ಕುಡಿದ ಎಂದು ನಮ್ಮಲ್ಲಿ ಯಾರೂ ತಿಳಿಯುವುದಿಲ್ಲ. ಕೇಳಿದ ತಕ್ಷಣ ಬೈಕು ಹುಡುಕುತ್ತೇವೆ. ಬದುಕಿಸುವುದಕ್ಕೂ ಕೊಲ್ಲುವುದಕ್ಕೂ ಒಂದೇ ಹೆಸರಿಟ್ಟುಕೊಂಡ ಮೇಲೆ, ಯಾವುದು ಎಲ್ಲಿಂದ ಒಳಗೆ ಹೋಗುತ್ತದೆ, ಎಷ್ಟು ಹೋಗುತ್ತದೆ ಎಂಬುದನ್ನಾದರೂ ಬಿಡಿಸಿ ಹೇಳುವ ಗದ್ಯ ಬೇಕಲ್ಲವೆ? ಅಂಗಡಿಯವನು ಹೇಳುವುದಿಲ್ಲ. ಡಬ್ಬಿಯ ಮೇಲಿನ ಕೆಂಪು ತ್ರಿಕೋನ ಹೇಳುತ್ತದೆ, ಆದರೆ ಅದರ ಪಕ್ಕದ ಅಕ್ಷರಗಳನ್ನು ಓದಲು ಕಣ್ಣಿಗೆ ಪೊರೆ ಬಂದವರಿಂದ ಆಗುವುದಿಲ್ಲ.

ಆ ರೈತರ ಪ್ರಶ್ನೆಗೆ ಬರುತ್ತೇನೆ. ಅದಕ್ಕೆ ಉತ್ತರ ಹುಡುಕಲು ಸ್ವಲ್ಪ ದೂರದಿಂದ ಬರಬೇಕು, ಬೇರಿನಿಂದಲೇ.

1890ರ ದಶಕದಲ್ಲಿ ಜ್ಯೂರಿಕ್‌ನಲ್ಲಿ ಅರ್ನೆಸ್ಟ್ ಓವರ್ಟನ್ ಎಂಬ ಇಂಗ್ಲಿಷ್ ಮೂಲದ ಸಸ್ಯವಿಜ್ಞಾನಿ ಇದ್ದ. ನೀರಿನಲ್ಲಿ ತೇಲುವ ಗಿಡದ ಬೇರುಗೂದಲು, ಪಾಚಿಯ ಎಳೆ, ಕಪ್ಪೆಮರಿ, ಇಂಥವುಗಳನ್ನು ಬಗೆಬಗೆಯ ದ್ರಾವಣಗಳಲ್ಲಿ ಅದ್ದಿ ನೋಡುವುದು ಅವನ ಕೆಲಸ. ಪೊರೆ ನೀರನ್ನಷ್ಟೇ ಬಿಡುತ್ತದೆ, ಮಿಕ್ಕದ್ದನ್ನು ತಡೆಯುತ್ತದೆ ಎಂಬ ನಂಬಿಕೆ ಆಗ ಗಟ್ಟಿಯಾಗಿತ್ತು. ಇವನು ಸುಮಾರು 500 ವಸ್ತುಗಳನ್ನು ಪರೀಕ್ಷಿಸಿ ನೋಡಿದರೆ, ಎಷ್ಟೋ ವಸ್ತುಗಳು ಸಲೀಸಾಗಿ ಒಳಗೆ ನುಗ್ಗುತ್ತಿದ್ದವು. ಯಾವುವು? ಎಣ್ಣೆಯಲ್ಲಿ ಹೆಚ್ಚು ಕರಗುವಂಥವು. ಒಂದು ವಸ್ತುವನ್ನು ಆಲಿವ್ ಎಣ್ಣೆ ಮತ್ತು ನೀರಿನ ಜೊತೆ ಕುಲುಕಿ, ಅದು ಎಣ್ಣೆಯ ಪಾಲಿಗೆ ಎಷ್ಟು ಹೋಯಿತು, ನೀರಿನ ಪಾಲಿಗೆ ಎಷ್ಟು ಉಳಿಯಿತು ಎಂದು ನೋಡಿದರೆ ಅದು ಪೊರೆ ದಾಟುವ ವೇಗವನ್ನು ಊಹಿಸಬಹುದಿತ್ತು. ಹಾಗಾದರೆ ಪೊರೆಯೇ ಎಣ್ಣೆಯ ಜಾತಿಯದ್ದಿರಬೇಕು ಎಂದ. ಪೊರೆಯನ್ನು ಯಾರೂ ಕಂಡಿರಲಿಲ್ಲ. ಅದು ಎರಡು ಪದರದ ಜಿಡ್ಡು ಎಂದು ಗಾರ್ಟರ್ ಮತ್ತು ಗ್ರೆಂಡಲ್ ರಕ್ತಕಣಗಳನ್ನು ಅಳೆದು ಹೇಳಿದ್ದು 1925ರಲ್ಲಿ. ಇವತ್ತು ಹೊಸ ಮಾತ್ರೆ ತಯಾರಿಸುವವರು ಮೊದಲು ನೋಡುವ ಲೆಕ್ಕಗಳಲ್ಲಿ ಒಂದು ಇದೇ ಎಣ್ಣೆ-ನೀರಿನ ಪಾಲು. ತೀರಾ ನೀರಿನ ಕಡೆಯದಾದರೆ ಪೊರೆಯೊಳಗೆ ಹೋಗುವುದಿಲ್ಲ, ತೀರಾ ಎಣ್ಣೆಯ ಕಡೆಯದಾದರೆ ಪೊರೆಯಲ್ಲೇ ಸಿಕ್ಕಿಕೊಂಡು ಆಚೆಯ ರಕ್ತಕ್ಕೆ ಇಳಿಯುವುದಿಲ್ಲ.

ಇದನ್ನು ತಿಳಿಯಲು ಜ್ಯೂರಿಕ್‌ಗೆ ಹೋಗಬೇಕಿಲ್ಲ. ನಮ್ಮ ಜಗಲಿಯ ಮೇಲೆ ಎಲೆಅಡಿಕೆ ತಟ್ಟೆ ಇದೆ. ಸುಣ್ಣ ಯಾಕೆ ಹಚ್ಚುತ್ತಾರೆ ಎಂದು ಯಾರನ್ನಾದರೂ ಕೇಳಿ, ಬಾಯಿ ಕೆಂಪಾಗಲಿ ಅಂತ ಎನ್ನುತ್ತಾರೆ. ಬಣ್ಣವೂ ನಿಜ. ಆದರೆ ಸುಣ್ಣ ಮಾಡುವ ದೊಡ್ಡ ಕೆಲಸ ಕೆನ್ನೆಯ ಒಳಗಡೆ. ಅಡಿಕೆಯ ಸತ್ವವೂ ಹೊಗೆಸೊಪ್ಪಿನ ನಿಕೋಟಿನ್ನೂ ಹುಳಿಯಿದ್ದಲ್ಲಿ ವಿದ್ಯುತ್ತಿನ ಅಂಶ ಹೊತ್ತ ರೂಪದಲ್ಲಿರುತ್ತವೆ; ಆ ರೂಪಕ್ಕೆ ಜಿಡ್ಡಿನ ಪೊರೆ ದಾರಿ ಬಿಡುವುದಿಲ್ಲ. ಸುಣ್ಣ ಎಂಜಲನ್ನು ಕ್ಷಾರ ಮಾಡುತ್ತದೆ, ಆ ಅಂಶ ಕಳಚುತ್ತದೆ, ಸತ್ವ ಕೆನ್ನೆಯ ಪೊರೆ ದಾಟಿ ನೇರ ರಕ್ತಕ್ಕಿಳಿಯುತ್ತದೆ. ಕಡ್ಡಿಪುಡಿಗೆ ಸುಣ್ಣ ತಿಕ್ಕಿ ತುಟಿಯೊಳಗಿಟ್ಟವನಿಗೆ ಎರಡು ನಿಮಿಷದಲ್ಲಿ ಮಂಪರು ಹತ್ತುವುದು ಹೀಗೆ. ನಮ್ಮ ಹಿರಿಯರು ಇದನ್ನು ಪ್ರಯೋಗದಿಂದಲೇ ಕಂಡುಕೊಂಡಿದ್ದರು ಎಂದು ಹೆಮ್ಮೆಪಡುವವರು ಪಡಲಿ. ಅದೇ ಪೊರೆಯ ಮೇಲೆ ಅದೇ ಜಾಗದಲ್ಲಿ ಹುಣ್ಣಾಗಿ, ಬಾಯಿ ತೆರೆಯಲಾಗದೆ, ಕಿದ್ವಾಯಿ ಆಸ್ಪತ್ರೆಯ ಸಾಲಿನಲ್ಲಿ ಕೂರುವವರೂ ನಮ್ಮವರೇ. ಹೊಗೆಸೊಪ್ಪಿಲ್ಲದ ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲೇ ಪಟ್ಟಿಮಾಡಿತು. ಅಡಿಕೆಯ ಬಗ್ಗೆ ನಮ್ಮಲ್ಲಿ ಬೆಲೆಯ ಲೇಖನಗಳಿವೆ, ಲಲಿತ ಪ್ರಬಂಧಗಳಿವೆ. ಸುಣ್ಣ ಕೆನ್ನೆಯಲ್ಲಿ ಮಾಡುವ ಕೆಲಸವನ್ನು ಹೇಳಿದ ಪ್ರಬಂಧವನ್ನು ನಾನು ನಮ್ಮ ಸಾಹಿತ್ಯ ಪತ್ರಿಕೆಗಳಲ್ಲಿ ಓದಿಲ್ಲ.

ಈಗ ಬೇರು. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ತೆಂಗಿನ ನುಸಿ ಆಮೇಲೆ ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಗೂ ಹಬ್ಬಿತು. ಕಾಯಿಯ ತೊಟ್ಟಿನ ಕೆಳಗೆ ತೊಗಲು ಬಿರಿದು, ಅಂಟು ಸೋರಿ, ಕಾಯಿ ಕುಗ್ಗಿ, ಉಂಡೆ ಕೊಬ್ಬರಿಗೆ ಲಾಯಕ್ಕಿಲ್ಲದಂತಾದ ದಿನಗಳು ನಮ್ಮ ತಲೆಮಾರಿಗೆ ಚೆನ್ನಾಗಿ ನೆನಪಿವೆ. ಕಪ್ಪು ತಲೆ ಹುಳುವಿನ ಕಾಟ ಮೊದಲಿನಿಂದಲೂ ಇತ್ತು. ಅರವತ್ತು ಅಡಿ ಮರದ ನೆತ್ತಿಗೆ ಸಿಂಪಡಿಸುವುದು ಆಗದ ಮಾತು, ಆದ್ದರಿಂದ ಬೇರಿಗೆ ಕಟ್ಟುವ ಪದ್ಧತಿ. ಬುಡದಿಂದ ಸ್ವಲ್ಪ ದೂರ ಅಗೆದು, ಪೆನ್ಸಿಲ್ ಗಾತ್ರದ ಜೀವವಿರುವ ಬೇರನ್ನು ಹುಡುಕಿ, ತುದಿಯನ್ನು ಓರೆಯಾಗಿ ಕೊಯ್ದು, ಪ್ಲಾಸ್ಟಿಕ್ ಚೀಲದಲ್ಲಿ 10 ಮಿಲಿಯಷ್ಟು ಮಾನೋಕ್ರೋಟೋಫಾಸ್, ಅಷ್ಟೇ ನೀರು ಹಾಕಿ, ಬೇರು ಅದರಲ್ಲಿ ಮುಳುಗುವಂತೆ ಕಟ್ಟುವುದು. ಒಂದು ದಿನದಲ್ಲಿ ಚೀಲ ಖಾಲಿಯಾಗದಿದ್ದರೆ ಬೇರೆ ಬೇರು ಹುಡುಕುವುದು. ಬಲಿತ ಕಾಯಿಯನ್ನು ಮೊದಲೇ ಕೀಳಬೇಕು, ಕಟ್ಟಿದ ಮೇಲೆ 45 ದಿನ ಮರ ಮುಟ್ಟಬಾರದು. ಬೇವಿನ ಸತ್ವವನ್ನೂ ಇದೇ ರೀತಿ ಕಟ್ಟಲು ಶಿಫಾರಸು ಬಂತು.

ಈ ಸೂಚನೆ ಕನ್ನಡದಲ್ಲೇ ಬಂದಿತು, ಕರಪತ್ರವಾಗಿ, ರೇಡಿಯೊದಲ್ಲಿ. ಇಲಾಖೆಯ ಕನ್ನಡವನ್ನು ನಾವು ಆಡಿಕೊಳ್ಳುತ್ತೇವಲ್ಲ, ಅಷ್ಟನ್ನಾದರೂ ಹೇಳಿದ್ದು ಆ ಕನ್ನಡವೇ. ಆದರೆ ಅದು ಹೇಗೆ ಎಂದಿತು, ಏಕೆ ಎನ್ನಲಿಲ್ಲ. ಏಕೆ ಓರೆಯಾಗಿ ಕೊಯ್ಯಬೇಕು? ಇಡೀ ಬೇರನ್ನೇ ಔಷಧಿಯಲ್ಲಿ ಅದ್ದಿದರೆ ಸಾಲದೆ? ಸಾಲದು. ಬೇರಿನ ಒಳಗೆ, ನೀರು ಏರುವ ಕೊಳವೆಗಳ ಸುತ್ತ, ಮೇಣದಂಥ ವಸ್ತು ಬಳಿದ ಒಂದು ಕಟ್ಟೆ ಇದೆ. ಹೊರಗಿನಿಂದ ಬಂದದ್ದು ಆ ಕಟ್ಟೆಯ ಸಂದಿನಲ್ಲಿ ನುಸುಳುವಂತಿಲ್ಲ. ಜೀವಂತ ಕೋಶದ ಪೊರೆಯನ್ನು ದಾಟಿಯೇ ಕೊಳವೆಗೆ ಹೋಗಬೇಕು. ಬೇರು ಅಲ್ಲಿ ಯಾವುದನ್ನು ಬಿಡಬೇಕು, ಯಾವುದನ್ನು ಬಿಡಬಾರದು ಎಂದು ಆರಿಸುತ್ತದೆ. ತುದಿ ಕೊಯ್ದರೆ ಕೊಳವೆಗಳ ಬಾಯಿ ನೇರವಾಗಿ ತೆರೆದುಕೊಳ್ಳುತ್ತದೆ. ಓರೆಯಾಗಿ ಕೊಯ್ದರೆ ಇನ್ನೂ ಅಗಲವಾಗಿ. ಅಂದರೆ ಬೇರಿಗೆ ಕಟ್ಟುವುದು ಮಾತ್ರೆ ನುಂಗಿಸಿದಂತಲ್ಲ, ನರಕ್ಕೆ ಸೂಜಿ ಚುಚ್ಚಿದಂತೆ. ಪೊರೆಯನ್ನು ಒಪ್ಪಿಸಿ ಹೋಗುವುದಲ್ಲ, ತಪ್ಪಿಸಿ ಹೋಗುವುದು. ಮಾನೋಕ್ರೋಟೋಫಾಸ್ ನೀರಿನಲ್ಲಿ ಚೆನ್ನಾಗಿ ಬೆರೆಯುವ ಸಣ್ಣ ಅಣು. ಎಲೆ ಬಿಸಿಲಿಗೆ ನೀರು ಆರಿಸಿದಂತೆಲ್ಲ ಮರ ಕೆಳಗಿನಿಂದ ಎಳೆದುಕೊಳ್ಳುತ್ತದೆ, ಅದರ ಜೊತೆ ಇದೂ ಏರುತ್ತದೆ. ಗರಿಗೆ ಹೋಗುವುದು ಕಾಯಿಗೆ ಹೋಗದೆ ಇರುವಂತೆ ತಡೆಯುವ ಬಾಗಿಲನ್ನು ಮರ ಇಟ್ಟುಕೊಂಡಿಲ್ಲ. ಅದು ಮರದೊಳಗೇ ಒಡೆದು ಕರಗಲಿ ಎಂದೇ ಆ 45 ದಿನ.

ಸ್ವಾಮಿ, ಎಳನೀರಿಗೆ ಬತ್ತೈತಾ? ಬರಬಹುದು, ಅದಕ್ಕೇ ಕಾಯಬೇಕು. ಇಷ್ಟೇ ಉತ್ತರ. ಎರಡು ನಿಮಿಷ ಸಾಕಿತ್ತು. ಕಾರಣ ಗೊತ್ತಿಲ್ಲದವನಿಗೆ 45 ದಿನ ಸರ್ಕಾರದ ಒಂದು ಅಂಕಿ, ಎಳನೀರು ವ್ಯಾಪಾರಿ ಗಾಡಿ ತಂದು ಬೆಲೆ ಹೇಳಿದಾಗ ಅದು 30 ಆಗುತ್ತದೆ, 20 ಆಗುತ್ತದೆ. ಕಾರಣ ಗೊತ್ತಿರುವವನೂ ಮಾರಬಹುದು, ಆದರೆ ಏನು ಮಾರುತ್ತಿದ್ದೇನೆ ಎಂದು ತಿಳಿದು ಮಾರುತ್ತಾನೆ.

ಮರಕ್ಕಿಂತ ನನಗೆ ಮನುಷ್ಯನ ಚಿಂತೆ ಹೆಚ್ಚು. ನಮ್ಮ ಚಿಕ್ಕಪ್ಪ ಬೆನ್ನಿಗೆ ಪಂಪು ಕಟ್ಟಿಕೊಂಡು ತರಕಾರಿಗೆ ಔಷಧಿ ಹೊಡೆಯುತ್ತಿದ್ದರು. ಚಡ್ಡಿ, ಬನಿಯನ್ನು, ತಲೆಗೆ ಟವಲ್ಲು. ಪಂಪು ಸೋರಿ ಬೆನ್ನು, ಸೊಂಟ, ತೊಡೆ ಎಲ್ಲ ತೊಯ್ಯುತ್ತಿತ್ತು. ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದರು, ಏಕೆಂದರೆ ವಾಸನೆ. ವಿಷ ಮೂಗಿನಿಂದಲೋ ಬಾಯಿಂದಲೋ ಹೋಗುತ್ತದೆ, ಚರ್ಮದಿಂದ ಹೋಗುವುದಿಲ್ಲ ಎಂಬುದು ಅವರ ನಂಬಿಕೆ, ನನ್ನದೂ. ಹೊಡೆಯುವ ಮುಂಚೆ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು, ಹಲಸಿನ ಹಣ್ಣು ಬಿಡಿಸುವಾಗ ಹಚ್ಚಿಕೊಳ್ಳುವಂತೆ, ಅಂಟದಿರಲಿ ಅಂತ. ರಾತ್ರಿ ತಲೆನೋವು, ಬೆವರು, ಬಾಯಲ್ಲಿ ನೀರು. 'ಬಿಸಿಲು ಹತ್ತಿದೆ' ಎನ್ನುತ್ತಿದ್ದರು. ಮಜ್ಜಿಗೆ ಕುಡಿದು ಮಲಗುತ್ತಿದ್ದರು.

1971ರಲ್ಲಿ ಕ್ಯಾಲಿಫೋರ್ನಿಯಾದ ಹೋವರ್ಡ್ ಮೈಬಾಕ್ ಮತ್ತು ಸಂಗಡಿಗರು ಒಂದು ಅಳತೆಯನ್ನು ಪ್ರಕಟಿಸಿದರು. ಪ್ಯಾರಾಥಿಯಾನ್ ಎಂಬ, ಮಾನೋಕ್ರೋಟೋಫಾಸ್‌ನದೇ ಕುಲದ ವಿಷವನ್ನು ಮನುಷ್ಯರ ಮೈಯ ಬೇರೆ ಬೇರೆ ಜಾಗಕ್ಕೆ ಹಚ್ಚಿ ಎಷ್ಟು ಒಳಗೆ ಹೋಯಿತು ಎಂದು ನೋಡಿದ್ದರು. ಮುಂಗೈಗೆ ಹಚ್ಚಿದ್ದರಲ್ಲಿ ನೂರಕ್ಕೆ ಸುಮಾರು 9 ಪಾಲು. ಅಂಗೈಯಲ್ಲಿ 12. ಹಣೆಯಲ್ಲಿ 36. ಕಂಕುಳಲ್ಲಿ 64. ತೊಡೆಯ ಸಂದಿನಲ್ಲಿ, ವೃಷಣದ ಚರ್ಮದಲ್ಲಿ, ಬಹುತೇಕ ಹಚ್ಚಿದ್ದಷ್ಟೂ. ಚಿಕ್ಕಪ್ಪನ ಒದ್ದೆ ಚಡ್ಡಿಯನ್ನು ಈ ಅಂಕಿಗಳ ಪಕ್ಕದಲ್ಲಿಟ್ಟು ನೋಡಿ. ನೀರಿನಲ್ಲಿ ಬೆರೆಯುವಂಥದ್ದು ಚರ್ಮ ದಾಟುವುದಿಲ್ಲ ಎಂದು ಓವರ್ಟನ್ನನ ಲೆಕ್ಕವನ್ನು ನಂಬಿ ಕೂರುವಂತೆಯೂ ಇಲ್ಲ. 1974ರ ಇನ್ನೊಂದು ಅಳತೆಯಲ್ಲಿ ಮುಂಗೈಯ ಚರ್ಮವನ್ನು ಮಾನೋಕ್ರೋಟೋಫಾಸ್ ಪ್ಯಾರಾಥಿಯಾನ್‌ಗಿಂತ ಹೆಚ್ಚಾಗಿಯೇ ದಾಟಿತ್ತು. ಇನ್ನು ಕೊಬ್ಬರಿ ಎಣ್ಣೆ: ಜಿಡ್ಡಿನಲ್ಲಿ ಕರಗುವ ವಿಷ ಎಣ್ಣೆ ಹಚ್ಚಿದ ಕೈಯಿಂದ ಜಾರಿಹೋಗುವುದಿಲ್ಲ, ಎಣ್ಣೆಯೊಳಗೇ ಕರಗಿ ಚರ್ಮಕ್ಕೆ ಅಂಟಿಕೊಂಡು ಕೂರುತ್ತದೆ. ಬೇಕಾದ್ದು ಸಾಬೂನು ಮತ್ತು ನೀರು, ಆ ಕ್ಷಣದಲ್ಲೇ. ತಮಾಷೆಯೆಂದರೆ, ಕೊಬ್ಬರಿ ಎಣ್ಣೆಯ ಅರ್ಧದಷ್ಟಿರುವ ಲಾರಿಕ್ ಆಮ್ಲಕ್ಕೆ, ಎಣ್ಣೆಯಿಂದ ಬಿಡಿಸಿದಾಗ, ಚರ್ಮದ ಪದರಗಳನ್ನು ಸಡಿಲಿಸಿ ಔಷಧವನ್ನು ಒಳಬಿಡುವ ಗುಣವಿದೆ ಎಂದು ಔಷಧ ವಿಜ್ಞಾನಿಗಳಿಗೆ ಚೆನ್ನಾಗಿ ಗೊತ್ತು. ಅದೇ ಎಣ್ಣೆಯಲ್ಲಿ ಸ್ವಲ್ಪ ಪ್ರಮಾಣದಲ್ಲಿರುವ ಕ್ಯಾಪ್ರಿಲಿಕ್ ಆಮ್ಲದ ಸಂಬಂಧಿಯೊಂದನ್ನು ಸೇರಿಸಿಯೇ, ಸೂಜಿಯಲ್ಲಷ್ಟೇ ಕೊಡಬಹುದಾಗಿದ್ದ ಸೆಮಾಗ್ಲುಟೈಡ್ ಎಂಬ ಸಕ್ಕರೆ ಕಾಯಿಲೆಯ ಔಷಧವನ್ನು ನುಂಗುವ ಮಾತ್ರೆಯಾಗಿಸಿದ್ದು. ಅಮೆರಿಕ ಅದಕ್ಕೆ 2019ರಲ್ಲಿ ಒಪ್ಪಿಗೆ ಕೊಟ್ಟಿತು. ತೆಂಗಿನ ಸೀಮೆಯವರಿಗೆ ಇದು ತಿಳಿಯುವುದು ಬೇಡವೆ?

ಆ ಕ್ಯಾಲಿಫೋರ್ನಿಯಾದ ಜ್ಞಾನ ಹುಟ್ಟಿದ ರೀತಿಯೂ ಹೇಳಬೇಕಾದದ್ದೇ. 1960–70ರ ದಶಕಗಳಲ್ಲಿ ಮೈಬಾಕ್ ಮತ್ತು ಅವರ ಸಹೋದ್ಯೋಗಿಯೊಬ್ಬರು ಅಲ್ಲಿಯ ಸೆರೆಮನೆಯ ಕೈದಿಗಳ ಚರ್ಮದ ಮೇಲೆ ಕೀಟನಾಶಕ, ಕಳೆನಾಶಕಗಳ ಪ್ರಯೋಗ ನಡೆಸಿದ್ದರು. ಆ ವಿಶ್ವವಿದ್ಯಾಲಯ 2022ರ ಡಿಸೆಂಬರಿನಲ್ಲಿ ಅದಕ್ಕಾಗಿ ಕ್ಷಮೆ ಕೇಳಿತು. ಯಾರದೋ ಚರ್ಮ ತೆತ್ತು ಪಡೆದ ತಿಳಿವಳಿಕೆ ಅರ್ಧ ಶತಮಾನವಾದರೂ ನಮ್ಮವರ ಚರ್ಮದವರೆಗೆ ಬಂದು ಮುಟ್ಟಲಿಲ್ಲ. ಇದರಲ್ಲಿ ಕಾದಂಬರಿಗೆ ವಸ್ತುವಿಲ್ಲ ಎನ್ನುವವರು ಕೈಯೆತ್ತಿ.

ಔಷಧಿ ಕುಡಿದವನನ್ನು ತಾಲ್ಲೂಕು ಆಸ್ಪತ್ರೆಗೆ ಒಯ್ದಾಗಲೂ ನಡೆಯುವುದು ಪೊರೆಯ ವ್ಯಾಜ್ಯವೇ. ಈ ವಿಷಕ್ಕೆ ಎರಡು ಮದ್ದು ಕೊಡುತ್ತಾರೆ, ಅಟ್ರೋಪಿನ್ ಮತ್ತು ಪ್ರಾಲಿಡಾಕ್ಸಿಮ್. ನಮ್ಮ ಉಮ್ಮತ್ತಿ ಗಿಡದಲ್ಲೂ ಇರುವ ಅಟ್ರೋಪಿನ್ ರಕ್ತದಿಂದ ಮಿದುಳಿಗೆ ದಾಟಬಲ್ಲದು. ಎರಡನೆಯದು ವಿದ್ಯುದಂಶ ಹೊತ್ತ ಅಣು, ಮಿದುಳಿನ ಸುತ್ತಲಿನ ತಡೆಯನ್ನು ಹೆಚ್ಚಾಗಿ ದಾಟದು. ಒಳಗೆ ಹೋದ ವಿಷ ಮಾತ್ರ ಮಿದುಳನ್ನೂ ಸೇರಿರುತ್ತದೆ. 2013ರ ಜುಲೈನಲ್ಲಿ ಬಿಹಾರದ ಹಳ್ಳಿಯೊಂದರ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಎಣ್ಣೆಗೆ ಮಾನೋಕ್ರೋಟೋಫಾಸ್ ಸೇರಿ 23 ಮಕ್ಕಳು ಸತ್ತರಲ್ಲ, ಆ ದಿನ ನಾನು ತರಗತಿಯಲ್ಲಿ ರಗಳೆಯ ಲಕ್ಷಣ ಹೇಳುತ್ತಿದ್ದೆ. ಪತ್ರಿಕೆಯಲ್ಲಿ ವಿಷದ ಹೆಸರು ಓದಿದಾಗ ಇದು ನಮ್ಮ ಬೇರಿಗೆ ಕಟ್ಟುವುದೇ ಅಲ್ಲವೆ ಎಂದು ಹೊಳೆಯಿತು. ಒಂದು ಸಾಲು ಬರೆಯಲಿಲ್ಲ.

ಇಲ್ಲಿ ಯಾರಾದರೂ ಹೇಳಬಹುದು: ವಿಜ್ಞಾನ ಬರೆಯುವುದಕ್ಕೆ ವಿಜ್ಞಾನ ಪತ್ರಿಕೆಗಳಿವೆ, ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲ ವಿಜ್ಞಾನ' ಇದೆ, ಸಾಹಿತ್ಯದವರಿಗೇಕೆ ಈ ಉಸಾಬರಿ? ಈ ವಿಭಾಗ ಮಾಡಿಕೊಂಡವರು ನಾವು, ನಮ್ಮ ಹಿರಿಯರಲ್ಲ. ನಮ್ಮದೇ ಜಿಲ್ಲೆಯ ಬೆಳ್ಳಾವಿಯ ಹೆಸರು ಹೊತ್ತ ಬೆಳ್ಳಾವೆ ವೆಂಕಟನಾರಣಪ್ಪನವರು ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನ ಕಲಿಸುತ್ತಿದ್ದರು. ಪಂಪಭಾರತದ ಸಂಪಾದನೆಗೂ ದುಡಿದರು. ನಂಗಪುರಂ ವೆಂಕಟೇಶ ಅಯ್ಯಂಗಾರರ ಜೊತೆ ಸೇರಿ 1918ರಲ್ಲಿ 'ವಿಜ್ಞಾನ' ಎಂಬ ಮಾಸಪತ್ರಿಕೆ ಹೊರಡಿಸಿದರು. ಅದು ಹೆಚ್ಚು ಕಾಲ ಬಾಳಲಿಲ್ಲ. ಆದರೆ ಪಂಪನೂ ಪದಾರ್ಥವಿಜ್ಞಾನವೂ ಒಂದೇ ಮೇಜಿನ ಮೇಲಿದ್ದವು. ಕಾರಂತರು ವಿಜ್ಞಾನ ಪ್ರಪಂಚವನ್ನು ಕಾದಂಬರಿ ಬರೆಯುವ ಕೈಯಲ್ಲೇ ಬರೆದರು. ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಸಸ್ಯಶಾಸ್ತ್ರದ ಪುಸ್ತಕ, ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದದ್ದೂ ಅದೇ. ಬಿ.ಎಂ.ಶ್ರೀ ಹುಟ್ಟಿದ್ದು ದಬ್ಬೇಘಟ್ಟ ಇರುವ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲೇ. 1911ರಲ್ಲಿ ಧಾರವಾಡದಲ್ಲಿ ಅವರು ಮಾಡಿದ ಭಾಷಣದ ಹೆಸರು 'ಕನ್ನಡ ಮಾತು ತಲೆಯೆತ್ತುವ ಬಗೆ'. ಅವರ ಜಯಂತಿಯನ್ನು ನಮ್ಮಲ್ಲಿ ಆಚರಿಸುತ್ತೇವೆ, ಇಂಗ್ಲಿಷ್ ಗೀತಗಳ ಬಗ್ಗೆ ಭಾಷಣ ಮಾಡುತ್ತೇವೆ. ಹೊರಗಿನದು ಕನ್ನಡದ ಒಳಕ್ಕೆ ಬರಬೇಕೆಂಬ ಅವರ ಹಟವನ್ನು ಕವಿತೆಗೆ ಮಾತ್ರ ಕಟ್ಟಿಹಾಕಿದವರು ನಾವು.

ಅದೇ ಧಾರವಾಡದಲ್ಲಿ, ಕರ್ನಾಟಕ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ, ತೇಜರಾಜ ಅಮಿನಭಾವಿ ಮತ್ತು ಅವರ ವಿದ್ಯಾರ್ಥಿಗಳು ದಶಕಗಳ ಕಾಲ ಪೊರೆಗಳ ಮೇಲೆ ಕೆಲಸ ಮಾಡಿದರು: ದ್ರವಗಳು ಪಾಲಿಮರ್ ಪೊರೆಗಳ ಮೂಲಕ ಹೇಗೆ ಹಾಯುತ್ತವೆ, ಔಷಧವನ್ನು ಸಣ್ಣ ಗುಳಿಗೆಗಳಲ್ಲಿ ಸೆರೆಹಿಡಿದು ತಡೆತಡೆದು ಹೇಗೆ ಬಿಡಿಸಬಹುದು ಎಂದು. 2000ದ ಸುಮಾರಿಗೆ ಅವರು ಕಡಲಪಾಚಿಯಿಂದ ತೆಗೆದ ಆಲ್ಜಿನೇಟ್ ಎಂಬ ಅಂಟಿನ ಗುಳಿಗೆಗಳಲ್ಲಿ ಬೇವಿನ ಬೀಜದ ಎಣ್ಣೆಯನ್ನು ತುಂಬಿ, ಅದು ಮಣ್ಣಿನಲ್ಲಿ ನಿಧಾನವಾಗಿ ಹೊರಬರುವಂತೆ ಮಾಡುವ ಬಗೆಯನ್ನು ಅಭ್ಯಾಸ ಮಾಡಿ ಪ್ರಕಟಿಸಿದರು. ಹೆಚ್ಚುಕಡಿಮೆ ಆ ಹೊತ್ತಿನಲ್ಲೇ ಇಲ್ಲಿ ನಮ್ಮ ತೋಟಗಳಲ್ಲಿ ನುಸಿಗೆ ಹೆದರಿ ಬೇವಿನ ಸತ್ವವನ್ನು ಬೇರಿಗೆ ಕಟ್ಟಲು ಶುರುಮಾಡಿದ್ದೆವು. ಧಾರವಾಡದ ಕೆಲಸ ತಿಪಟೂರಿನ ನುಸಿಗೆ ಮದ್ದಾಗುತ್ತಿತ್ತು ಎಂದು ನಾನು ಹೇಳುತ್ತಿಲ್ಲ. ಅದು ಬೇರೆ ಉದ್ದೇಶದ್ದು. ನನ್ನ ತಕರಾರು ಇಷ್ಟೆ: ಒಂದೇ ರಾಜ್ಯ, ಒಂದೇ ಭಾಷೆ, ಒಂದೇ ಬೇವಿನ ಎಣ್ಣೆ, ಆದರೂ ಇಲ್ಲಿಯವರು ಅಲ್ಲಿಯದನ್ನು ಕೇಳಲಿಲ್ಲ. ಧಾರವಾಡದ ಕವಿಗಳ ಮನೆಗಳಿಗೆ ನಾನು ಮಕ್ಕಳನ್ನು ಕಟ್ಟಿಕೊಂಡು ಪ್ರವಾಸ ಹೋಗಿದ್ದೇನೆ. ಆ ಪ್ರಯೋಗಾಲಯ ಇರುವುದು ಯಾವ ಕಡೆ ಎಂದೂ ವಿಚಾರಿಸಲಿಲ್ಲ.

ವಿಜ್ಞಾನಿಗಳನ್ನೂ ಸುಮ್ಮನೆ ಬಿಡಲಾರೆ. ಇಪ್ಪತ್ತು ನಿಮಿಷ ಕೈಯಲ್ಲಿ ಮೈಕು, ಎದುರಿಗೆ ಇನ್ನೂರು ಜನ ತೆಂಗಿನವರು, ಬಾಯಲ್ಲಿ ಒಳ್ಳೆಯ ಕನ್ನಡ, ಇದ್ದೂ ರಾಗಿರೊಟ್ಟಿಯ ಬಗ್ಗೆ ಮಾತಾಡುವುದು ವಿನಯವಲ್ಲ. ಜನಕ್ಕೆ ಅರ್ಥವಾಗುವುದಿಲ್ಲ ಎಂಬ ತೀರ್ಮಾನ ಅದು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಬಂದು ನರಕ್ಕೆ ಏರಿಸುವ ನೀರು ಮುಗಿದಾಗ ದಿಲೀಪ್ ಮಹಲನಬಿಸ್ ಉಪ್ಪು-ಸಕ್ಕರೆ ನೀರನ್ನು ಡ್ರಮ್ಮುಗಳಲ್ಲಿ ಕಲಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ಸಕ್ಕರೆ ಜೊತೆಗಿದ್ದರೆ ಕರುಳಿನ ಪೊರೆ ಉಪ್ಪನ್ನು ಎಳೆದುಕೊಳ್ಳುತ್ತದೆ, ಅದರ ಹಿಂದೆ ನೀರು ಹೋಗುತ್ತದೆ ಎಂಬುದು ಆ ಉಪಾಯದ ಒಳಗುಟ್ಟು. ಇವತ್ತು ನಮ್ಮ ಅಂಗನವಾಡಿ ಕಾರ್ಯಕರ್ತೆಯ ಚೀಲದಲ್ಲಿ ಅದರ ಪೊಟ್ಟಣವಿದೆ. ಪೊರೆಯ ವಿಜ್ಞಾನವನ್ನು ಒಬ್ಬ ನಿರಾಶ್ರಿತ ತಾಯಿಯ ಕೈಗೆ ಕೊಡಬಹುದಾದರೆ, ಅರ್ಥವಾಗುವುದಿಲ್ಲ ಎನ್ನುವವರು ಯಾರ ಬಗ್ಗೆ ಮಾತಾಡುತ್ತಿದ್ದಾರೆ?

ಆ ಸಭೆಯಾಗಿ ಎರಡು ವರ್ಷದ ಮೇಲೆ, ಇದನ್ನೆಲ್ಲ ಒಂದಿಷ್ಟು ಓದಿಕೊಂಡು, ದಬ್ಬೇಘಟ್ಟದ ಆ ರೈತರ ತೋಟಕ್ಕೆ ಹೋದೆ. ಬದುವಿನ ಮೇಲೆ ಕೂತು, ಕೊಯ್ದ ಬೇರು, ಕೊಳವೆ, 45 ದಿನ, ಸುಣ್ಣ, ಒದ್ದೆ ಚಡ್ಡಿ, ಎಲ್ಲ ಹೇಳಿದೆ. ಮುಕ್ಕಾಲು ಗಂಟೆ ಹಿಡಿಯಿತು. ನಡುವೆ ನಾಲ್ಕು ಕಡೆ ನಿಲ್ಲಿಸಿ ಪ್ರಶ್ನೆ ಕೇಳಿದರು, ಎರಡು ಕಡೆ ನಾನು ತಡವರಿಸಿದೆ. ಎಲ್ಲ ಕೇಳಿಕೊಂಡು, ಎಲೆಗೆ ಸುಣ್ಣ ಸವರುತ್ತಿದ್ದ ಬೆರಳನ್ನು ಒಂದು ಗಳಿಗೆ ನೋಡಿ, ಪಂಚೆಗೆ ಒರೆಸಿಕೊಂಡರು.

'ಇದನ್ನ ಅವತ್ತೇ ಹೇಳಬಹುದಾಗಿತ್ತಲ್ಲ ಮೇಷ್ಟ್ರೇ. ಎರಡು ಗಂಟೆ ಕೂತಿದ್ವಿ.'